ಕುದುರೆಯ ನೆಲ

ತ್ಯಾಮಗೊಂಡ್ಲಿನ ಕಡೆಯವರು ಇಬ್ಬರು ಎದುರಾದರೆ ಮೊದಲು ಮಳೆಯ ಮಾತು, ಆಮೇಲೆ ರಾಗಿಯ ಮಾತು, ಆಮೇಲೆ ಮನೆಮಂದಿಯ ಮಾತು ಎಂಬುದು ಹಿಂದಿನ ವಾಡಿಕೆ. ಈಗ ಈ ಮೂರನ್ನೂ ಹಿಂದಕ್ಕೆ ನೂಕಿ ಬೇರೊಂದು ಮಾತು ಮುಂದೆ ಬಂದು ನಿಂತಿದೆ: “ನಿಮ್ಮ ಕಡೆ ಎಕರೆಗೆ ಎಷ್ಟು ನಡೆಯುತ್ತಿದೆ?” ಹಿಂದೆ ಧಾನ್ಯದ ವ್ಯಾಪಾರಕ್ಕೆ ಹೆಸರಾಗಿದ್ದ ಈ ಪೇಟೆಯ ಒಂದು ಪಕ್ಕದಲ್ಲಿ ದಾಬಸಪೇಟೆಯ ಕೈಗಾರಿಕಾ ಪ್ರದೇಶ ಬೆಳೆದಿದೆ. ದಾಬಸಪೇಟೆಯಿಂದ ದೊಡ್ಡಬಳ್ಳಾಪುರಕ್ಕೆ ಹೊಸ ಹೆದ್ದಾರಿ ಬಂದಿದೆ. ಅವೆರಡು ಊರುಗಳ ನಡುವೆ ‘ಕ್ವಿನ್ ಸಿಟಿ’ ಎಂಬ ಹೊಸ ನಗರವೊಂದನ್ನು ಕಟ್ಟುವುದಾಗಿ ಸರ್ಕಾರ 2024ರಲ್ಲಿ ಸಾರಿತು. ನೆಲದ ಬೆಲೆ ಕುದುರೆಯ ಓಟ ಓಡುತ್ತಿದೆ ಎಂದರೆ ಉಪಮೆ ಸವೆದದ್ದೆಂದು ನನ್ನ ವಿದ್ಯಾರ್ಥಿಗಳೇ ನಕ್ಕಾರು. ಆದರೆ ಈ ವಾರದ ಮಾತು ನಿಜವಾದ ಕುದುರೆಗಳದ್ದಾದುದರಿಂದ ವಾಚಕರು ಒಂದು ಸಲಕ್ಕೆ ಕ್ಷಮಿಸಬೇಕು.

ತ್ಯಾಮಗೊಂಡ್ಲಿನಿಂದ ದಾಬಸಪೇಟೆಗೆ ಬಂದು, ಶಿವಗಂಗೆಯ ಬೆಟ್ಟವನ್ನು ಬಳಸಿಕೊಂಡು ನೈರುತ್ಯ ದಿಕ್ಕಿಗೆ ಹೊರಟರೆ ಕುಣಿಗಲ್ಲು. ಕುಣಿಗಲ್ಲೆಂದೊಡನೆ ಕನ್ನಡಿಗನಿಗೆ ನೆನಪಾಗುವುದು ಕೆರೆ, ಮತ್ತು ಆ ಕೆರೆಯನ್ನು ಕುರಿತ ಜನಪದ ಹಾಡು. ಆ ಹಾಡಿನ ಭಾಗ್ಯ ಅದೇ ಊರಿನ ಇನ್ನೊಂದು ಹಳೆಯ ಆಸ್ತಿಗೆ ದೊರೆಯಲಿಲ್ಲ. ಅದು ಸುತ್ತಲಿನವರು ‘ಕುದುರೆ ಫಾರಂ’ ಎಂದು ಕರೆಯುವ ಅಶ್ವಪಾಲನ ಕೇಂದ್ರ. ನಾನೂರು ಎಕರೆಗೂ ಮಿಕ್ಕ ಹುಲ್ಲುಗಾವಲು, ಲಾಯಗಳು, ಸಾಲುಮರಗಳು. ಹೈದರಾಲಿ ಮತ್ತು ಟಿಪ್ಪುವಿನ ಕಾಲದಲ್ಲಿ ಅವರ ಅಶ್ವದಳಕ್ಕಾಗಿ ಇಲ್ಲಿ ಕುದುರೆ ಸಾಕುವುದು ಮೊದಲಾಯಿತೆಂಬುದು ಪ್ರತೀತಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಯಜಮಾನರು ಬದಲಾದರು. ಕುದುರೆಗಳು ಹುಲ್ಲು ಮೇಯುವುದು ನಿಲ್ಲಲಿಲ್ಲ. ಮುಂದೆ ಮೈಸೂರಿನ ಸಿಲ್ಲೇದಾರ ದಳಕ್ಕೆ ಇಲ್ಲಿಂದ ಕುದುರೆ ಒದಗುತ್ತಿತ್ತು. ಸಿಲ್ಲೇದಾರನೆಂದರೆ ತನ್ನ ಕುದುರೆಯನ್ನು ತಾನೇ ಹೊಂದಿಸಿಕೊಂಡು ಚಾಕರಿಗೆ ಬರುವ ಸವಾರ. ಕುದುರೆ ಸತ್ತರೆ ನಷ್ಟವೂ ಅವನದೇ. ಹೀಗಾಗಿ ಒಳ್ಳೆಯ ತಳಿಯ ಬೆಲೆ ಅವನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿದ್ದಿರಲಾರದು.

ಕುದುರೆಯ ವಿದ್ಯೆ ಕನ್ನಡಕ್ಕೆ ಹೊಸತೇನಲ್ಲ. ಅಭಿನವಚಂದ್ರನೆಂಬವನು ಅಶ್ವವೈದ್ಯವನ್ನು ಬರೆದ. ಹದಿನೇಳನೆಯ ಶತಮಾನದಲ್ಲಿ ಪದ್ಮಣ ಪಂಡಿತ ‘ಹಯಸಾರಸಮುಚ್ಚಯ’ವನ್ನು ರಚಿಸಿದ. ನಮ್ಮ ಎಂ.ಎ. ತರಗತಿಯಲ್ಲಿ ಇಂಥ ಗ್ರಂಥಗಳ ಹೆಸರನ್ನು ‘ಶಾಸ್ತ್ರಸಾಹಿತ್ಯ’ ಎಂಬ ತಲೆಬರಹದ ಕೆಳಗೆ ಬಾಯಿಪಾಠ ಮಾಡಿಸಿ ಮುಂದಕ್ಕೆ ಹೋಗುತ್ತಿದ್ದರು. ಅವು ಯಾವುದೋ ಲಾಯದಲ್ಲಿ, ಹೊಟ್ಟೆನೋವಿನಿಂದ ಹೊರಳಾಡುವ ಪ್ರಾಣಿಯ ಪಕ್ಕದಲ್ಲಿ ನಿಂತವನಿಗೆ ಬೇಕಾಗಿದ್ದ ಪುಸ್ತಕಗಳೆಂದು ಆಗ ಯಾರೂ ಹೇಳಲಿಲ್ಲ.

ಯುದ್ಧಕ್ಕೆ ಯಂತ್ರ ಬಂದು ಸವಾರ ಇಳಿದ ಮೇಲೆ ಕುಣಿಗಲ್ಲಿನ ಫಾರಂ ಓಟದ ಕುದುರೆಗಳ ತವರಾಯಿತು. ನೆಲ ಸರ್ಕಾರದ್ದು. 1992ರಲ್ಲಿ ಮೂವತ್ತು ವರ್ಷಗಳ ಗುತ್ತಿಗೆಯ ಮೇಲೆ ಅದನ್ನು ಪಡೆದದ್ದು ಉದ್ಯಮಿ ವಿಜಯ ಮಲ್ಯರ ಕಂಪನಿ. 2016ರಲ್ಲಿ ಅವರು ದೇಶ ಬಿಟ್ಟರು. 2022ರಲ್ಲಿ ಮೂವತ್ತು ವರ್ಷ ತುಂಬಿತು. ಅಂದಿನಿಂದ ಫಾರಂನ ಹೆಸರು ಪತ್ರಿಕೆಗಳಲ್ಲಿ ಬಂದದ್ದು ಕುದುರೆಗಳಿಗಾಗಿ ಅಲ್ಲ, ಎಕರೆಗಳಿಗಾಗಿ. 2024ರಲ್ಲಿ ಅಲ್ಲಿ ಉಪನಗರವನ್ನು ನಿರ್ಮಿಸುವ ಪ್ರಸ್ತಾಪ ಹೊರಟಿತು. ಅದಕ್ಕೆ ವಿರೋಧವೂ ಎದ್ದಿತು. ಬೆಂಗಳೂರಿನ ರೇಸ್‌ಕೋರ್ಸನ್ನು ನಗರದ ನಡುವಿನಿಂದ ಹೊರಗೆ ಸಾಗಿಸಬೇಕೆಂಬ ಹಳೆಯ ಚರ್ಚೆಯಲ್ಲಿಯೂ ಕುಣಿಗಲ್ಲಿನ ಹೆಸರು ಸೇರಿಕೊಂಡಿತು.

ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಆಡಿಬಿಡಬೇಕು. ರೇಸ್ ಎಂದರೆ ನಮ್ಮಂಥ ಮನೆಗಳಲ್ಲಿ ಇಂದಿಗೂ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಅದರಿಂದ ಹಾಳಾದ ಒಬ್ಬ ಚಿಕ್ಕಪ್ಪನೋ ಭಾವನೋ ಇಲ್ಲದ ಬಳಗ ಬೆಂಗಳೂರಿನಲ್ಲಿ ವಿರಳ. ಕುದುರೆಯೋಟ ಅದೃಷ್ಟದ ಆಟವಲ್ಲ, ಕುಶಲತೆಯ ಆಟ ಎಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಟ್ಟಿತು. ತೀರ್ಪನ್ನು ಗೌರವಿಸೋಣ, ಆದರೆ ಹೆಂಡತಿಯ ಬಳೆಗಳನ್ನು ಅಡವಿಟ್ಟು ಬಂದವರಲ್ಲಿ ಕುಶಲಿಗಳ ಸಂಖ್ಯೆ ಎಷ್ಟಿತ್ತೆಂದು ಯಾರೂ ಎಣಿಸಿದಂತಿಲ್ಲ. ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಈ ವಿಷಯ ಬಂದಾಗ ಅರ್ಥಶಾಸ್ತ್ರದ ಸ್ನೇಹಿತರು ಒಂದೇ ಏಟಿಗೆ ತೀರ್ಮಾನ ಹೇಳಿದರು: “ಜೂಜಿಗೆ ಕುದುರೆ, ಕುದುರೆಗೆ ನಾನೂರು ಎಕರೆ. ಮೊದಲನೆಯದು ಬೇಡವಾದರೆ ಉಳಿದೆರಡೂ ಬೇಡ. ಇದರಲ್ಲಿ ಯೋಚಿಸುವುದಕ್ಕೇನಿದೆ ಸ್ವಾಮಿ?”

ಯೋಚಿಸುವುದಕ್ಕಿದೆ ಎಂದು ನನ್ನ ಎಣಿಕೆ. ಅದು ತಿಳಿಯಬೇಕಾದರೆ ಫಾರಂನಲ್ಲಿ ನಡೆಯುವ ಕೆಲಸವೇನೆಂಬುದನ್ನು ಸ್ವಲ್ಪ ನೋಡಬೇಕು.

ಓಟದ ಕುದುರೆಯನ್ನು ‘ಥರೋಬ್ರೆಡ್’ ಎನ್ನುತ್ತಾರೆ. ಅಚ್ಚ ತಳಿಯೆಂದು ಅರ್ಥ. ಇಂಗ್ಲೆಂಡಿಗೆ ಪೂರ್ವದೇಶಗಳಿಂದ ಹೋದ ಮೂರು ಗಂಡುಕುದುರೆಗಳಿಗೆ ಈ ತಳಿಯ ಗಂಡುಸಾಲು ಮುಟ್ಟುತ್ತದೆ. 1791ರಿಂದ ಅಲ್ಲಿ ವಂಶಾವಳಿಯ ಪುಸ್ತಕ ಅಚ್ಚಾಗತೊಡಗಿತು. ನಮ್ಮ ದೇಶದ ಕುದುರೆಗಳ ವಂಶಾವಳಿಯ ದಫ್ತರ ಪುಣೆಯಲ್ಲಿದೆ. ಏಳು ತಲೆಮಾರು ಹೇಳಬಲ್ಲ ಮನುಷ್ಯ ಇಂದು ಅಪರೂಪ. ಈ ಕುದುರೆಗಳಿಗೆ ಇಪ್ಪತ್ತು ತಲೆಮಾರಿಗೂ ದಾಖಲೆಯುಂಟು. ನಾಮಕರಣಕ್ಕೂ ಕಟ್ಟುಪಾಡಿದೆ: ಇಂಗ್ಲಿಷಿನಲ್ಲಿ, ನಡುವೆ ಬಿಟ್ಟ ಜಾಗವೂ ಸೇರಿ, ಹದಿನೆಂಟು ಅಕ್ಷರ ಮೀರಕೂಡದು.

ಈ ತಳಿಗೆ ಇನ್ನೊಂದು ಕಠಿಣ ನಿಯಮವಿದೆ. ತ್ಯಾಮಗೊಂಡ್ಲಿನ ಆಸುಪಾಸಿನ ರೈತನ ಸೀಮೆಹಸುವಿಗೆ ಕರು ಬೇಕಾದರೆ ಹೋರಿಯನ್ನು ಹುಡುಕಬೇಕಾಗಿಲ್ಲ. ದೂರವೇನೂ ಅಲ್ಲದ ಹೆಸರಘಟ್ಟದಲ್ಲಿಯೇ ಹೋರಿಯ ವೀರ್ಯವನ್ನು ಹೆಪ್ಪುಗಟ್ಟಿಸಿ ಊರೂರಿಗೆ ಕಳುಹಿಸುವ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಥರೋಬ್ರೆಡ್ ಕುದುರೆಗೆ ಕೃತಕ ಗರ್ಭಧಾರಣೆ ಲೋಕದಲ್ಲೆಲ್ಲಿಯೂ ಸಲ್ಲದು. ಹಾಗೆ ಹುಟ್ಟಿದ ಮರಿಗೆ ವಂಶಾವಳಿಯಲ್ಲಿ ಸ್ಥಾನವಿಲ್ಲ, ಸ್ಥಾನವಿಲ್ಲದ್ದಕ್ಕೆ ಓಟವಿಲ್ಲ. ಗಂಡೂ ಹೆಣ್ಣೂ ಒಂದೆಡೆಗೆ ಬರಲೇಬೇಕು. ಅಂದರೆ ಈ ಕಸುಬನ್ನು ಸೀಸೆಯಲ್ಲಿಟ್ಟು ಸಾಗಿಸುವಂತಿಲ್ಲ. ಅದಕ್ಕೆ ನೆಲ ಬೇಕು, ಹಿಂಡು ಬೇಕು, ಕಾಲ ಬೇಕು.

ಎಷ್ಟು ಕಾಲ? ಹೆಣ್ಣುಕುದುರೆ ಗಬ್ಬ ಹೊರುವುದು ಹನ್ನೊಂದು ತಿಂಗಳು. ಈಯುವುದು ಬಹುಮಟ್ಟಿಗೆ ರಾತ್ರಿಯ ಹೊತ್ತು, ಮನುಷ್ಯರ ಸದ್ದಡಗಿದ ಮೇಲೆ. ಅದಕ್ಕಾಗಿಯೇ ಸೈಸನೊಬ್ಬ ಲಾಯದ ಬಳಿಯಲ್ಲಿಯೇ ಮಲಗಿ, ಉಸಿರಾಟದ ಸದ್ದಿನಿಂದಲೇ ಗಳಿಗೆ ಬಂದಿತೆಂದು ತಿಳಿಯುತ್ತಾನೆ. ಮರಿ ಒಂದೆರಡು ಗಂಟೆಯೊಳಗೆ ಎದ್ದು ನಿಲ್ಲಬೇಕು, ಮೊಲೆ ಹಿಡಿಯಬೇಕು. ಐದಾರು ತಿಂಗಳಿಗೆ ತಾಯಿಯಿಂದ ಬಿಡಿಸುತ್ತಾರೆ. ಬಯಲಿನಲ್ಲಿ ಬಿಟ್ಟು ಎಲುಬು ಬಲಿಯುವ ತನಕ ಕಾಯುತ್ತಾರೆ; ಜೀನು ಹೊರಿಸಿ, ಕಡಿವಾಣ ಕಲಿಸಿ, ಎರಡು ತುಂಬಿದ ಮೇಲೆ ಓಟ. ಒಂದು ಕುದುರೆ ಒಳ್ಳೆಯದೋ ಅಲ್ಲವೋ ಎಂದು ಗೊತ್ತಾಗುವುದು ತಾಯಿ ಗಬ್ಬವಾದ ನಾಲ್ಕು ವರ್ಷಕ್ಕೆ. ಒಬ್ಬ ತಾಯಿಯ ಬಳ್ಳಿ ಒಳ್ಳೆಯದೋ ಅಲ್ಲವೋ ಎಂಬುದಕ್ಕೆ ಹದಿನೈದು, ಇಪ್ಪತ್ತು ವರ್ಷ. ಮೂವತ್ತು ವರ್ಷದ ಗುತ್ತಿಗೆ ವಕೀಲನ ಕಣ್ಣಿಗೆ ದೀರ್ಘ. ಲಾಯದ ಲೆಕ್ಕದಲ್ಲಿ ಎರಡು ಮೂರು ತಲೆಮಾರು, ಅಷ್ಟೆ.

ನೆಲದ ಕೆಲಸವೂ ಅಷ್ಟೇ ನಿಧಾನದ್ದು. ಕುದುರೆ ಬಿಡುವ ಅಂಗಳಗಳ ಬೇಲಿಗೆ ಚೂಪಾದ ಮೂಲೆಗಳನ್ನು ಇಡುವುದಿಲ್ಲ. ಓಡುವ ಮರಿ ಮೂಲೆಗೆ ಸಿಕ್ಕಿ ಕಾಲು ಮುರಿದುಕೊಂಡೀತೆಂದು ದುಂಡಗೆ ಬಳಸುತ್ತಾರೆ. ಒಂದೇ ಬಯಲಿನಲ್ಲಿ ಸದಾ ಕುದುರೆ ಮೇಯ್ದರೆ ಹೊಟ್ಟೆಹುಳು ಹೆಚ್ಚುತ್ತದೆ. ಆದುದರಿಂದ ನಡುನಡುವೆ ಹಸುಗಳನ್ನು ಬಿಟ್ಟು ಹುಲ್ಲನ್ನು ಶುದ್ಧಮಾಡಿಸುತ್ತಾರೆ. ಸುಣ್ಣದ ಅಂಶ ಸಾಲದ ಮಣ್ಣಿನ ಹುಲ್ಲು ಎಳೆಯ ಎಲುಬಿಗೆ ಸಾಲದು. ಲೂಸರ್ನ್ ಎಂಬ ಮೇವನ್ನು ನಮ್ಮ ರೈತರು ‘ಕುದುರೆಮಸಾಲೆ ಸೊಪ್ಪು’ ಎನ್ನುತ್ತಾರೆ. ಹಸುವಿಗೆ ಹಾಕುವವರೂ ಹಾಗೆಯೇ ಎನ್ನುತ್ತಾರೆ. ಒಂದು ಕಸುಬು ಊರಿನ ಮಾತಿನಲ್ಲಿ ಎಷ್ಟು ಕೆಳಗಿಳಿದು ಬೇರು ಬಿಟ್ಟಿತ್ತೆಂಬುದಕ್ಕೆ ಈ ಹೆಸರೊಂದೇ ಸಾಕು.

ಈಗ ಸ್ನೇಹಿತರ ವಾದಕ್ಕೆ ಬರೋಣ. ರೇಸ್ ಕುಗ್ಗುತ್ತಿದೆ ಎಂಬುದು ದಿಟ. ಪಂತದ ಪೂರ್ಣ ಮೊತ್ತದ ಮೇಲೆ ಶೇಕಡಾ 28ರ ತೆರಿಗೆ 2023ರ ಅಕ್ಟೋಬರ್ 1ರಿಂದ ಬಂದಿತು; 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 40 ಆಯಿತು. ಮದರಾಸಿನ ಗಿಂಡಿಯಲ್ಲಿ 1945ರಲ್ಲಿ 99 ವರ್ಷಕ್ಕೆಂದು ಕೊಟ್ಟಿದ್ದ 160 ಎಕರೆ ಮೈದಾನವನ್ನು ತಮಿಳುನಾಡು ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ವಶಪಡಿಸಿಕೊಂಡಿತು. ಮಕಾವಿನ ರೇಸ್ ಕ್ಲಬ್ಬು ಅದೇ ವರ್ಷ ಮುಚ್ಚಿತು. 1842ರಲ್ಲಿ ಹುಟ್ಟಿದ ಸಿಂಗಪುರದ ಕ್ಲಬ್ಬು 2024ರ ಅಕ್ಟೋಬರ್ 5ರಂದು ಕಡೆಯ ಓಟವನ್ನು ಓಡಿಸಿ, ಮನೆಗಳನ್ನು ಕಟ್ಟಲೆಂದು ನೆಲವನ್ನು ಸರ್ಕಾರಕ್ಕೆ ಒಪ್ಪಿಸಲು ಅಣಿಯಾಯಿತು. ಮೈದಾನಗಳು ಕಡಮೆಯಾದರೆ ಮರಿಗಳನ್ನು ಕೊಳ್ಳುವವರು ಕಡಮೆ; ಕೊಳ್ಳುವವರು ಕಡಮೆಯಾದರೆ ಫಾರಂಗಳ ಯಜಮಾನರು ಹಿಂಡನ್ನು ಕರಗಿಸುತ್ತಾರೆ, ಇಲ್ಲವೆ ನಗರದ ಬಿಸಿ ತಾಕದ ಕಡೆಗೆ ಹೊರಡುತ್ತಾರೆ, ಇಲ್ಲವೆ ಮಾರಿಬಿಡುತ್ತಾರೆ. ಜೂಜು ಸೊರಗಿದರೆ ಈ ಕುದುರೆ ಉಳಿಯದು ಎಂಬಲ್ಲಿಯ ತನಕ ಸ್ನೇಹಿತರ ತರ್ಕ ಸರಿ. ಅದನ್ನು ಅಲ್ಲಗಳೆಯುವುದು ಕುದುರೆಯ ಮೇಲಿನ ಪ್ರೀತಿಯಾದೀತೇ ಹೊರತು ಪ್ರಾಮಾಣಿಕತೆಯಾಗದು.

ಆದರೆ ಕುದುರೆ ಹೋಯಿತೆಂದು ನೆಲವೂ ಹೋಗಬೇಕೆಂಬುದು ಯಾವ ನ್ಯಾಯ? ಸೈನ್ಯಕ್ಕೆಂದು ಹುಟ್ಟಿದ ಫಾರಂ ಸೈನ್ಯ ಬಿಟ್ಟ ಮೇಲೆ ಬೇರೆ ಕೆಲಸಕ್ಕೆ ಬಂದಿತಲ್ಲವೆ? ಕುದುರೆ ಸಾಕುವ ಜಾಗದಿಂದ ಏನು ಹುಟ್ಟೀತೆಂದು ಮೊದಲೇ ಹೇಳಬಲ್ಲವರಿಲ್ಲ. ಪುಣೆಯ ಪೂನಾವಾಲಾ ಮನೆತನದವರು ತಮ್ಮ ಫಾರಂನ ಮುದಿ ಕುದುರೆಗಳನ್ನು ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಕೊಡುತ್ತಿದ್ದರು. ಅಲ್ಲಿ ಅವುಗಳ ರಕ್ತದಿಂದ ಸೀರಂ ತೆಗೆದು ಔಷಧ ಮಾಡುತ್ತಿದ್ದರು. ಆ ಕೆಲಸವನ್ನು ತಾವೇ ಏಕೆ ಮಾಡಬಾರದೆಂದು ಸೈರಸ್ ಪೂನಾವಾಲಾ 1966ರಲ್ಲಿ ಸೀರಂ ಇನ್‌ಸ್ಟಿಟ್ಯೂಟನ್ನು ಆರಂಭಿಸಿದರು. ಕೋವಿಡ್ ಕಾಲದಲ್ಲಿ ನಮ್ಮಲ್ಲಿ ಬಹುಮಂದಿಯ ತೋಳಿಗೆ ಬಿದ್ದ ಲಸಿಕೆ ಆ ಸಂಸ್ಥೆಯದು. ಮೈಸೂರಿನ ದಸರೆಯ ಮೆರವಣಿಗೆಯಲ್ಲಿ ಮಕ್ಕಳು ಬೆರಗಿನಿಂದ ನೋಡುವ ಪೊಲೀಸ್ ಕುದುರೆಗಳಲ್ಲಿಯೂ ರೇಸಿನಿಂದ ಬಿಡುಗಡೆಯಾಗಿ ಬಂದವಿರುತ್ತವೆ.

ಒಡೆಯದೆ ಉಳಿದ ನೆಲ ಒಮ್ಮೆ ಒಡೆದರೆ ಮತ್ತೆ ಕೂಡದೆಂಬುದನ್ನು ಅಮೃತಮಹಲ್ ಕಾವಲುಗಳ ಕಥೆ ನಮಗೆ ಆಗಲೇ ಕಲಿಸಿದೆ. ಟಿಪ್ಪುವಿನ ಕಾಲದಲ್ಲಿ ಆ ಹೆಸರು ಪಡೆದ ದನಗಳಿಗೆ ಮೈಸೂರು ಸೀಮೆಯಲ್ಲಿ ಲಕ್ಷಗಟ್ಟಲೆ ಎಕರೆ ಕಾವಲಿತ್ತು. ಇಲ್ಲಿ ಊರಿಗೆ, ಅಲ್ಲಿ ಸಾಗುವಳಿಗೆ ಎಂದು ಕೊಡುತ್ತ ಬಂದು, ಈಚೆಗೆ ಚಳ್ಳಕೆರೆಯ ಬಳಿ ವಿಜ್ಞಾನ ಮತ್ತು ರಕ್ಷಣೆಯ ಸಂಸ್ಥೆಗಳಿಗೆ ಸುಮಾರು 10,000 ಎಕರೆಯನ್ನು ಒಂದೇ ಕಡೆ ಕೊಟ್ಟರು. ಪ್ರತಿಯೊಂದು ದಾನಕ್ಕೂ ಸಕಾರಣವಿತ್ತು. ದನಗಳನ್ನು ಯಾರೂ ಕೇಳಲಿಲ್ಲ. ಕುರಿ ಕಾಯುವವರನ್ನು ಕೇಳಿದವರೂ ಕಡಮೆ.

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಯಾಗದ ಕುದುರೆ ಕಾಲಿಟ್ಟ ಸೀಮೆಯ ಅರಸು ಒಂದೋ ಕಪ್ಪ ಒಪ್ಪಿಸಬೇಕು, ಇಲ್ಲವೆ ಕಟ್ಟಿಹಾಕಿ ಕಾದಬೇಕು. ಈಗ ಅದು ತಿರುಗುಮುರುಗಾಗಿದೆ. ನೆಲ ಅಳೆಯುವವನು ಬಂದರೆ ಕುದುರೆಯೇ ದಾರಿ ಬಿಡಬೇಕು.

ನನ್ನ ಅಭಿಪ್ರಾಯ ಕೇಳಿದರೆ, ರೇಸ್ ಸೊರಗುವುದಾದರೆ ಸೊರಗಲಿ, ಅದಕ್ಕಾಗಿ ಕಣ್ಣೀರಿಡಲಾರೆ. ಕುಣಿಗಲ್ಲಿನ ನೆಲ ಮಾತ್ರ ಒಂದೇ ಹಾಸಾಗಿ, ಸರ್ಕಾರದ ಹೆಸರಿನಲ್ಲಿ, ಪ್ರಾಣಿಗಳಿಗೆಂದೇ ಉಳಿಯಲಿ. ಪಶುವೈದ್ಯದ ವಿದ್ಯಾರ್ಥಿಗಳು ಅಲ್ಲಿ ಕಲಿಯಲಿ. ಪೊಲೀಸ್ ದಳಕ್ಕೆ ಅಲ್ಲಿಂದ ಕುದುರೆ ಬರಲಿ. ಮನೆಗಳನ್ನು ಕಟ್ಟಲು ಕುಣಿಗಲ್ಲಿನ ಸುತ್ತ ಬೇರೆ ಜಾಗವಿಲ್ಲವೆಂದರೆ ಆ ದಾರಿಯಲ್ಲಿ ಒಮ್ಮೆ ಹೋಗಿಬಂದವರು ನಂಬಲಾರರು. ಇದಕ್ಕಿಂತ ಮುಖ್ಯವಾದ ಮಾತು ಸೈಸರದು. ರಾತ್ರಿಯ ಉಸಿರಿನಿಂದ ಈಯುವ ಗಳಿಗೆಯನ್ನು ತಿಳಿಯುವವನ ವಿದ್ಯೆ ಯಾವ ‘ಹಯಸಾರಸಮುಚ್ಚಯ’ದಲ್ಲಿಯೂ ಪೂರ್ತಿಯಾಗಿ ಬರೆದಿಟ್ಟದ್ದಲ್ಲ, ಜತೆಗಿದ್ದು ನೋಡಿ ಕಲಿಯುವಂಥದು. ಫಾರಂ ಕೈ ಬದಲಾದಾಗ ಕುದುರೆಗಳಿಗೆ ಹರಾಜಿನ ಪಟ್ಟಿಯಾದರೂ ಇರುತ್ತದೆ, ನೆಲಕ್ಕೆ ಸರ್ವೆ ನಂಬರು ಇರುತ್ತದೆ. ಸೈಸನಿಗೆ ತಿಂಗಳ ಲೆಕ್ಕ ಚುಕ್ತಾ ಮಾಡಿ ಕಳುಹಿಸುತ್ತಾರೆ. ಅವನು ದಾಬಸಪೇಟೆಯ ಯಾವುದಾದರೂ ಕಾರ್ಖಾನೆಯ ಬಾಗಿಲಲ್ಲಿ ಕಾವಲುಗಾರನಾಗಿ ನಿಲ್ಲುತ್ತಾನೆ.

ಹೊಸ ಗುತ್ತಿಗೆಯಾಗಲಿ, ಹೊಸ ಪಟ್ಟಣವಾಗಲಿ, ಅಪ್ಪಣೆ ಯಾವ ದಿನ ಹೊರಟರೂ ಇಂಥ ಲಾಯಗಳಲ್ಲಿ ಕೆಲವು ಹೆಣ್ಣುಕುದುರೆಗಳು ಗಬ್ಬವಾಗಿರುತ್ತವೆ. ತೆರವಿಗೆ ಹನ್ನೊಂದು ತಿಂಗಳ ಗಡುವನ್ನಾದರೂ ಇಡುವಂತೆ ಕಡತದ ಅಂಚಿನಲ್ಲಿ ಯಾವ ಗುಮಾಸ್ತನಾದರೂ ಒಂದು ಟಿಪ್ಪಣಿ ಬರೆಯಬಹುದು. ಅದಕ್ಕೆ ತಗಲುವುದು ಅರ್ಧ ಸಾಲಿನ ಜಾಗ.