ಸರ್ವಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಯಾರು? ಅಳತೆಗೋಲಿನದೇ ಪ್ರಶ್ನೆ

2025ರ ಫೆಬ್ರವರಿ 9ರಂದು ಅಮೇರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಜರಗಿದ ಸೂಪರ್ ಬೌಲ್ ಪಂದ್ಯದಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡವು ಕ್ಯಾನ್ಸಾಸ್ ಸಿಟಿ ಚೀಫ್ಸ್ ತಂಡವನ್ನು 40-22 ಅಂಕಗಳಿಂದ ಸೋಲಿಸಿತು. ಚೀಫ್ಸ್ ಗೆದ್ದಿದ್ದರೆ ಸತತ ಮೂರು ವರ್ಷ ಈ ಪ್ರಶಸ್ತಿ ಗಳಿಸಿದ ಪ್ರಪ್ರಥಮ ತಂಡವೆಂಬ ಕೀರ್ತಿ ಅದರದಾಗುತ್ತಿತ್ತು. ಅದರ ನಾಯಕ ಪ್ಯಾಟ್ರಿಕ್ ಮಹೋಮ್ಸ್ ಅವರ ಹೆಸರು ಟಾಮ್ ಬ್ರೇಡಿಯವರ ಹೆಸರಿನ ಇನ್ನಷ್ಟು ಸಮೀಪಕ್ಕೆ ಬರುತ್ತಿತ್ತು. ಹಾಗಾಗಲಿಲ್ಲ. ಆದರೆ ಸರ್ವಕಾಲದ ಸರ್ವಶ್ರೇಷ್ಠ ಕ್ವಾರ್ಟರ್‌ಬ್ಯಾಕ್ ಯಾರೆಂಬ ಹಳೆಯ ವಾದಕ್ಕೆ ಆ ದೇಶದಲ್ಲಿ ಹೊಸ ಬಿಸಿ ಬಂತು.

ದೂರದ ದೇಶದ ಈ ವಾದ ನಮಗೇಕೆ ಎಂದು ವಾಚಕರು ಕೇಳಬಹುದು. 2022ರ ವಿಶ್ವಕಪ್ ಕಾಲದಲ್ಲಿ ಕಲ್ಲಿಕೋಟೆ ಸಮೀಪದ ಪುಳ್ಳಾವೂರಿನ ಹೊಳೆಯಲ್ಲಿ ಮೆಸ್ಸಿ, ನೇಮಾರ್, ರೊನಾಲ್ಡೊ ಇವರ ಆಳೆತ್ತರ ಮೀರಿದ ಚಿತ್ರಗಳನ್ನು ಪೈಪೋಟಿಯಿಂದ ನಿಲ್ಲಿಸಿದ ರಾಜ್ಯದಲ್ಲಿ ನಾವು ವಾಸಿಸುತ್ತಿದ್ದೇವೆ. ಶ್ರೇಷ್ಠರು ಯಾರೆಂದು ಜಗಳಾಡುವ ಚಟ ನಮಗೆ ಹೊಸತಲ್ಲ. ಆದರೆ ಅಮೇರಿಕದವರ ಈ ಜಗಳದಲ್ಲಿ ಆಟಕ್ಕಿಂತ ದೊಡ್ಡದಾದ ಒಂದು ವಿಷಯ ಅಡಗಿದೆ. ಅದಕ್ಕಾಗಿಯೇ ಈ ಬರಹ.

ಹೆಸರು ಫುಟ್‌ಬಾಲ್ ಆದರೂ ಇದು ಬಹುಪಾಲು ಕೈಯಲ್ಲಿ ಆಡುವ ಆಟ. ಪಕ್ಷಕ್ಕೆ 11 ಮಂದಿ. ನೂರು ಗಜದ ಅಂಕಣ. ಚೆಂಡು ಹಿಡಿದ ಪಕ್ಷವು ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದುವರಿಯಬೇಕು. ಇಲ್ಲವಾದರೆ ಚೆಂಡು ಎದುರಾಳಿಗೆ. ಪ್ರತಿ ಯತ್ನದಲ್ಲಿಯೂ ಚೆಂಡು ಮೊದಲು ಸೇರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಎದುರಾಳಿಗಳು ಮೈಮೇಲೆ ನುಗ್ಗಿ ಬರುತ್ತಿರುವಾಗ ಎರಡು ಮೂರು ಸೆಕೆಂಡುಗಳೊಳಗೆ ಯಾರಿಗೆ ಎಸೆಯಬೇಕು, ಯಾರ ಕೈಗೆ ಕೊಡಬೇಕು, ತಾನೇ ಓಡಬೇಕೇ ಎಂದು ಆತ ನಿಶ್ಚಯಿಸಬೇಕು. ನಮ್ಮ ಯಕ್ಷಗಾನದ ಮಾತಿನಲ್ಲಿ ಹೇಳುವುದಾದರೆ ಆಟ ನಡೆಸುವ ಭಾಗವತನೂ ಅವನೇ, ವೇಷ ಕಟ್ಟಿ ಕುಣಿಯುವವನೂ ಅವನೇ. ಆದುದರಿಂದ ಗೆದ್ದರೆ ಹೊಗಳಿಕೆಯ ಸಿಂಹಪಾಲೂ ಸೋತರೆ ಬೈಗಳ ಸಿಂಹಪಾಲೂ ಅವನಿಗೆ ಸಲ್ಲುತ್ತದೆ.

ಗೆಲುವಿನ ಲೆಕ್ಕವೇ ಅಳತೆಗೋಲಾದರೆ ವಾದಕ್ಕೆ ಎಡೆಯಿಲ್ಲ. 2000ದ ಆಯ್ಕೆಯಲ್ಲಿ ಟಾಮ್ ಬ್ರೇಡಿಯವರಿಗೆ ದೊರೆತದ್ದು 199ನೆಯ ಸ್ಥಾನ. ಅಂಥವರು 23 ಋತುಗಳನ್ನು ಆಡಿ, ಹತ್ತು ಸೂಪರ್ ಬೌಲ್‌ಗಳಲ್ಲಿ ಏಳನ್ನು ಗೆದ್ದರು: ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದಲ್ಲಿದ್ದು ಆರು, ಟ್ಯಾಂಪಾ ಬೇ ತಂಡ ಸೇರಿ 43ರ ಪ್ರಾಯದಲ್ಲಿ, 2021ರಲ್ಲಿ ಇನ್ನೊಂದು. ಯಾವುದೇ ಒಂದು ತಂಡ ತನ್ನ ಇಡೀ ಚರಿತ್ರೆಯಲ್ಲಿ ಆರಕ್ಕಿಂತ ಹೆಚ್ಚು ಗೆದ್ದಿಲ್ಲ. 2017ರಲ್ಲಿ ಅಟ್ಲಾಂಟಾ ತಂಡದೆದುರು 3-28ರಿಂದ ಹಿಂದಿದ್ದು 34-28ರಿಂದ ಗೆದ್ದ ಪಂದ್ಯವನ್ನು ಅವರ ವಿರೋಧಿಗಳೂ ಒಪ್ಪುತ್ತಾರೆ.

ಆದರೆ ಗೆಲುವು ಒಬ್ಬನದೇ? 2002ರಲ್ಲಿ ಬ್ರೇಡಿಯವರು ಪ್ರಥಮ ಪ್ರಶಸ್ತಿ ಗೆದ್ದ ಪಂದ್ಯದಲ್ಲಿ ಎಸೆತಗಳಿಂದ ಬಂದದ್ದು ಕೇವಲ 145 ಗಜ. ಕೊನೆಯ ಗಳಿಗೆಯಲ್ಲಿ 48 ಗಜ ದೂರದಿಂದ ಚೆಂಡೊದ್ದು ಗೆಲುವು ತಂದವರು ಆಡಮ್ ವಿನಾಟಿಯೇರಿ. 2018ರಲ್ಲಿ ಅದೇ ಬ್ರೇಡಿಯವರು 505 ಗಜ ಎಸೆದರು; ಫಿಲಡೆಲ್ಫಿಯಾ 41-33ರಿಂದ ಗೆದ್ದಿತು. 145 ಗಜ ಎಸೆದವರು ಶ್ರೇಷ್ಠರು, 505 ಗಜ ಎಸೆದವರು ಅಲ್ಲವೆಂದು ಹೇಳಲು ಸಾಧ್ಯವೇ? ಡ್ಯಾನ್ ಮರೀನೊ ಅವರು 1984ರಲ್ಲಿ 5,084 ಗಜ ಎಸೆದು ಹಿಂದಿನ ದಾಖಲೆಗಳನ್ನೆಲ್ಲ ಮುರಿದರೂ ಒಂದು ಸೂಪರ್ ಬೌಲನ್ನೂ ಗೆಲ್ಲದೆ ನಿವೃತ್ತರಾದರು. ಬರಿಯ ಗೆಲುವನ್ನೇ ಎಣಿಸುವವರು ಅವರನ್ನು ಎಲ್ಲಿ ಕೂರಿಸುತ್ತಾರೆ?

ದೊಡ್ಡ ಪಂದ್ಯದಲ್ಲಿ ತಪ್ಪಿಲ್ಲದೆ ಆಡುವುದೇ ಮಾನದಂಡವಾದರೆ ಸ್ಯಾನ್ ಫ್ರಾನ್ಸಿಸ್ಕೋದ ಜೋ ಮೊಂಟಾನ ಅವರೇ ಮುಂದು. ನಾಲ್ಕು ಸೂಪರ್ ಬೌಲ್, ನಾಲ್ಕರಲ್ಲೂ ಗೆಲುವು, 122 ಎಸೆತಗಳಲ್ಲಿ ಒಂದೂ ಎದುರಾಳಿಯ ಕೈ ಸೇರಲಿಲ್ಲ. ಇನ್ನೂ ಹಿಂದೆ ಹೋದರೆ ಕ್ಲೀವ್‌ಲ್ಯಾಂಡಿನ ಓಟೊ ಗ್ರಹಾಂ ಸಿಗುತ್ತಾರೆ. 1946ರಿಂದ 1955ರ ತನಕ ಹತ್ತು ಋತು ಆಡಿ, ಹತ್ತರಲ್ಲಿಯೂ ತಂಡವನ್ನು ಅಂತಿಮ ಪಂದ್ಯಕ್ಕೆ ತಲಪಿಸಿ, ಏಳು ಬಾರಿ ಗೆದ್ದವರು. ಒಂಬತ್ತನೆಯ ಸುತ್ತಿನಲ್ಲಿ ಆಯ್ಕೆಯಾಗಿ, ಆ ತಂಡದಿಂದಲೂ ಹೊರದೂಡಲ್ಪಟ್ಟ ಜಾನಿ ಯುನೈಟಾಸ್ ಅವರು ಬಾಲ್ಟಿಮೋರ್ ತಂಡಕ್ಕೆ 1958ರ ಪ್ರಶಸ್ತಿ ತಂದರು. ಸತತ 47 ಪಂದ್ಯಗಳಲ್ಲಿ ಟಚ್‌ಡೌನ್ ಎಸೆದ ಅವರ ದಾಖಲೆಯನ್ನು ಮುರಿಯಲು 2012ರ ತನಕ ಯಾರಿಂದಲೂ ಆಗಲಿಲ್ಲ.

ಈ ಹಳಬರನ್ನೂ ಇಂದಿನವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. 1958ರಲ್ಲಿ ಋತುವಿಗೆ 12 ಪಂದ್ಯಗಳಿದ್ದವು. 2021ರಿಂದ 17 ಆಗಿವೆ. 1978ರಲ್ಲಿ ನಿಯಮಗಳನ್ನು ಬದಲಾಯಿಸಿ, ಐದು ಗಜ ದಾಟಿದ ಮೇಲೆ ಚೆಂಡು ಹಿಡಿಯುವವನನ್ನು ತಳ್ಳಬಾರದೆಂದು ವಿಧಿಸಲಾಯಿತು. ಕ್ವಾರ್ಟರ್‌ಬ್ಯಾಕ್‌ನ ಕಾವಲಿಗೆ ನಿಲ್ಲುವವರಿಗೆ ಕೈ ಚಾಚಿ ತಡೆಯುವ ಅನುಮತಿ ದೊರೆಯಿತು. ಅಂದಿನಿಂದ ಎಸೆತದ ಆಟಕ್ಕೆ ಸುಗ್ಗಿ. ಅಂಕೆಸಂಖ್ಯೆಗಳು ಬೆಳೆದುದರಲ್ಲಿ ಆಟಗಾರರ ಪಾಲೆಷ್ಟೋ ನಿಯಮಗಳ ಪಾಲೂ ಅಷ್ಟೇ ಇದೆ.

ಅದೇ 1978ರ ಇನ್ನೊಂದು ಸಂಗತಿಯೇ ಮುಖ್ಯವಾದುದು. ಆ ವರ್ಷದ ಆರಂಭದಲ್ಲಿ ರೋಸ್ ಬೌಲ್ ಪಂದ್ಯದ ಶ್ರೇಷ್ಠ ಆಟಗಾರರೆನಿಸಿದ್ದ ವಾಶಿಂಗ್ಟನ್ ವಿಶ್ವವಿದ್ಯಾಲಯದ ವಾರನ್ ಮೂನ್ ಅವರನ್ನು ವೃತ್ತಿಪರ ತಂಡಗಳ ಆಯ್ಕೆಯಲ್ಲಿ ಯಾರೂ ಕರೆಯಲಿಲ್ಲ. ಅವರು ಕಪ್ಪು ವರ್ಣೀಯರು. ಕಪ್ಪು ವರ್ಣೀಯರು ಓಡಬಲ್ಲರು, ಹಿಡಿಯಬಲ್ಲರು; ಆದರೆ ತಂಡವನ್ನು ನಡೆಸುವ ಬುದ್ಧಿ ಅವರಿಗಿಲ್ಲವೆಂಬ ದುರಭಿಪ್ರಾಯ ಆ ದೇಶದಲ್ಲಿ ಬೇರೂರಿತ್ತು. 1934ರಿಂದ 1945ರ ತನಕ ಆ ಲೀಗಿನಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನಿರಲಿಲ್ಲ. 1968ರಲ್ಲಿ ಡೆನ್ವರ್ ತಂಡದ ಮಾರ್ಲಿನ್ ಬ್ರಿಸ್ಕೊ 14 ಟಚ್‌ಡೌನ್ ಎಸೆದು ತೋರಿಸಿದರೂ ಮರುವರ್ಷ ಆ ಸ್ಥಾನ ಅವರಿಗೆ ಸಿಗಲಿಲ್ಲ. ಬೇರೆ ತಂಡ ಸೇರಿ ಚೆಂಡು ಹಿಡಿಯುವವರಾಗಿ ಬದುಕು ಕಟ್ಟಿಕೊಂಡರು.

ಮೂನ್ ಅವರು ಸ್ಥಾನ ಬದಲಾಯಿಸಲೊಪ್ಪದೆ ಕೆನಡಕ್ಕೆ ನಡೆದರು. ಎಡ್ಮಂಟನ್ ತಂಡಕ್ಕೆ ಸತತ ಐದು ವರ್ಷ ಅಲ್ಲಿಯ ರಾಷ್ಟ್ರೀಯ ಪ್ರಶಸ್ತಿ ಬಂತು. 1984ರಲ್ಲಿ ಮರಳಿ ಕರೆಸಿಕೊಂಡ ಮೇಲೆ ಅಮೇರಿಕದಲ್ಲಿ 49,325 ಗಜ ಎಸೆದರು. ಕೆನಡದಲ್ಲಿ ಎಸೆದ 21,000ಕ್ಕೂ ಹೆಚ್ಚು ಗಜಗಳು ಅಮೇರಿಕದ ಪಟ್ಟಿಯಲ್ಲಿ ಸೇರಿಲ್ಲ. 2006ರಲ್ಲಿ ಕ್ಯಾಂಟನ್‌ನ ಕೀರ್ತಿಮಂದಿರವನ್ನು ಸೇರಿದಾಗ, ಆ ಗೌರವ ಪಡೆದ ಪ್ರಥಮ ಕಪ್ಪು ಕ್ವಾರ್ಟರ್‌ಬ್ಯಾಕ್ ಅವರೇ ಆಗಿದ್ದರು. 1978ರಲ್ಲಿಯೇ ಡಗ್ ವಿಲಿಯಮ್ಸ್ ಅವರನ್ನು ಟ್ಯಾಂಪಾ ಬೇ ತಂಡ ಮೊದಲ ಸುತ್ತಿನಲ್ಲಿ ಆರಿಸಿತೆಂಬುದನ್ನೂ ಹೇಳಬೇಕು. ಬಾಗಿಲು ತೆರೆದಿತ್ತು, ಆದರೆ ಒಬ್ಬರು ನುಸುಳುವಷ್ಟು ಮಾತ್ರ. ಅದೇ ವಿಲಿಯಮ್ಸ್ 1988ರ ಜನವರಿ 31ರಂದು ಸೂಪರ್ ಬೌಲಿನ ಒಂದೇ ಕಾಲುಭಾಗದಲ್ಲಿ ನಾಲ್ಕು ಟಚ್‌ಡೌನ್ ಎಸೆದು, ವಾಶಿಂಗ್ಟನ್ ತಂಡಕ್ಕೆ 42-10ರ ಜಯ ತಂದುಕೊಟ್ಟರು. ಬುದ್ಧಿಯ ಮಾತೆತ್ತುತ್ತಿದ್ದವರಿಗೆ ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ. ಆದರೂ ಸೂಪರ್ ಬೌಲಿನ ಎರಡೂ ಪಕ್ಷಗಳಲ್ಲಿ ಕಪ್ಪು ವರ್ಣದ ಕ್ವಾರ್ಟರ್‌ಬ್ಯಾಕ್‌ಗಳನ್ನು ಕಾಣಲು 2023ರ ತನಕ ಕಾಯಬೇಕಾಯಿತು. ಅಂದು ಮಹೋಮ್ಸ್ ಗೆದ್ದರು. 2025ರಲ್ಲಿ ಜೇಲನ್ ಹರ್ಟ್ಸ್ ಗೆದ್ದರು.

ನಮ್ಮ ಅಭಿಪ್ರಾಯ ಇಷ್ಟೆ. ದಾಖಲೆಗಳ ಆಧಾರದಿಂದ ಒಬ್ಬರನ್ನೇ ಹೆಸರಿಸಬೇಕೆಂದಾದರೆ ಬ್ರೇಡಿಯವರನ್ನೇ ಹೆಸರಿಸಬೇಕು. ಎರಡು ತಂಡಗಳಲ್ಲಿ, ಇಬ್ಬರು ತರಬೇತುದಾರರ ಕೈಕೆಳಗೆ, ಹತ್ತೊಂಬತ್ತು ವರ್ಷಗಳ ಅಂತರದಲ್ಲಿ ಗೆದ್ದುದನ್ನು ಬರಿಯ ಅದೃಷ್ಟವೆನ್ನಲಾಗದು. 1995ರಲ್ಲಿ ಜನಿಸಿದ ಮಹೋಮ್ಸ್ ಅವರಿಗೆ ಈಗಾಗಲೇ ಮೂರು ಪ್ರಶಸ್ತಿಗಳಿವೆ. ಅವರ ಲೆಕ್ಕ ಇನ್ನೂ ಮುಗಿದಿಲ್ಲ.

ಆದರೆ ‘ಸರ್ವಕಾಲದ’ ಎಂಬ ವಿಶೇಷಣವನ್ನು ನಾವು ಒಪ್ಪಲಾರೆವು. ಆಡಿದವರ ನಡುವಿನ ಶ್ರೇಷ್ಠರನ್ನು ಪಟ್ಟಿಗಳು ತೋರಿಸಬಲ್ಲವು. ಆಡಗೊಡದವರ ಲೆಕ್ಕ ಅವುಗಳಲ್ಲಿಲ್ಲ. ಮೂನ್ ಅವರಿಗೆ ಹೋಗಲು ಕೆನಡವಾದರೂ ಇತ್ತು. ಬೇರೆ ಸ್ಥಾನಕ್ಕೆ ಸರಿಸಲ್ಪಟ್ಟವರೂ ಕಾಲೇಜಿನ ಅಂಗಳದಲ್ಲೇ ಆಟ ಮುಗಿಸಿದವರೂ ಎಷ್ಟು ಮಂದಿಯೋ, ಅವರ ಗಜಗಳನ್ನು ಅಳೆದವರಿಲ್ಲ. ಯೋಗ್ಯತೆಯಿದ್ದರೆ ತಾನಾಗಿ ಮೇಲೆ ಬರುತ್ತಾರೆಂಬ ಮಾತನ್ನು ಬಹುಸಂಖ್ಯಾತರು ಎಲ್ಲ ದೇಶಗಳಲ್ಲಿಯೂ ಸುಲಭವಾಗಿ ಆಡುತ್ತಾರೆ. ಯೋಗ್ಯತೆಯನ್ನು ತೋರಿಸಲು ಮೊದಲು ಅಂಕಣಕ್ಕೆ ಇಳಿಯಗೊಡಬೇಕು ಎಂಬುದು ಅಲ್ಪಸಂಖ್ಯಾತರಾದ ನಮಗೆ ಇನ್ನೊಬ್ಬರು ಹೇಳಿಕೊಡಬೇಕಾದ ಪಾಠವಲ್ಲ.

2028ರಲ್ಲಿ ಬ್ರೇಡಿಯವರು ಕೀರ್ತಿಮಂದಿರದ ಪ್ರವೇಶಕ್ಕೆ ಅರ್ಹರಾಗಲಿದ್ದಾರೆ. ಅದೇ ವರ್ಷ ಲಾಸ್ ಏಂಜಲೀಸಿನ ಒಲಿಂಪಿಕ್ಸಿನಲ್ಲಿ ಈ ಆಟದ ಹಗುರ ರೂಪವಾದ ಫ್ಲ್ಯಾಗ್ ಫುಟ್‌ಬಾಲ್ ಗಂಡಸರಿಗೂ ಹೆಂಗಸರಿಗೂ ಪ್ರಥಮ ಬಾರಿ ಸೇರ್ಪಡೆಯಾಗುತ್ತಿದೆ. ಹೊಸಬರಿಗೆ ಅಂಕಣ ತೆರೆದಷ್ಟೂ ಈ ವಾದ ಬೆಳೆಯಲಿದೆ. ಬೆಳೆಯುವುದೇ ಲೇಸು.