ಹೆಸರಿಟ್ಟವರೇ ಕಂಡುಹಿಡಿದವರೇ?

ಅಳಿದುಹೋದ ಪ್ರಾಣಿಯೊಂದನ್ನು ಕಂಡುಹಿಡಿದವರು ಯಾರು ಎಂದು ಕೇಳಿ ನೋಡಿ. ನಮ್ಮ ಪುಸ್ತಕಗಳು ಅದಕ್ಕೆ ಹೆಸರಿಟ್ಟವರತ್ತ ಬೊಟ್ಟು ಮಾಡುತ್ತವೆ. ಈ ಲೆಕ್ಕದ ಬಗ್ಗೆಯೇ ನನ್ನ ತಕರಾರು.

1811ರಲ್ಲಿ ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲತೀರದಲ್ಲಿ ಜೋಸೆಫ್ ಆ್ಯನಿಂಗ್ ಎಂಬ ಹುಡುಗನಿಗೆ ವಿಚಿತ್ರ ತಲೆಬುರುಡೆಯೊಂದು ಸಿಕ್ಕಿತು. ಮರುವರ್ಷ ಅದರ ಉಳಿದ ಎಲುಬುಗಳನ್ನು ಹುಡುಕಿ ತೆಗೆದವಳು ಅವನ ತಂಗಿ ಮೇರಿ. ಬಡಗಿಯಾಗಿದ್ದ ಅಪ್ಪ ಸಾಲ ಬಿಟ್ಟು ತೀರಿಕೊಂಡಿದ್ದ. ಅಸ್ಥಿಪಂಜರ 23 ಪೌಂಡಿಗೆ ಮಾರಾಟವಾಯಿತು. ಶಸ್ತ್ರವೈದ್ಯ ಎವರಾರ್ಡ್ ಹೋಮ್ 1814ರಿಂದ ಅದರ ಮೇಲೆ ಲೇಖನದ ಮೇಲೆ ಲೇಖನ ಬರೆದ. ಮೀನೋ, ಮೊಸಳೆಯೋ ಎಂದು ತಡಕಾಡಿ, ಕೊನೆಗೆ ಪ್ರೋಟಿಯೋಸಾರಸ್ ಎಂದ. ಆ ಹೆಸರು ನಿಲ್ಲಲಿಲ್ಲ, ಇಕ್ತಿಯೋಸಾರಸ್ ನಿಂತಿತು. ಆ್ಯನಿಂಗ್ ಎಂಬ ಹೆಸರು ಮಾತ್ರ ಅವನ ಲೇಖನಗಳಲ್ಲಿ ಎಲ್ಲೂ ಸುಳಿಯಲಿಲ್ಲ.

1823ರಲ್ಲಿ ಮೇರಿ ಹೆಚ್ಚುಕಡಿಮೆ ಇಡಿಯಾದ ಪ್ಲೀಸಿಯೋಸಾರಸ್ ಅಸ್ಥಿಪಂಜರವನ್ನೇ ಹೊರತೆಗೆದಳು. ಅದರ ಉದ್ದನೆಯ ಕತ್ತು ನೋಡಿ ಪ್ಯಾರಿಸಿನ ಕುವಿಯೇ ಇದು ಖೋಟಾ ಇರಬೇಕೆಂದು ಶಂಕಿಸಿದ. ಶಂಕೆ ಸುಳ್ಳಾಯಿತು. 1824ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ವಿಲಿಯಂ ಕಾನಿಬಿಯರ್ ಅದನ್ನು ವಿವರಿಸಿದ, ಅಗೆದವಳ ಹೆಸರೆತ್ತದೆ. ಆ ಸಂಘ ಹೆಂಗಸರನ್ನು ಫೆಲೋಗಳಾಗಿ ಸೇರಿಸಿಕೊಂಡದ್ದು 1919ರಲ್ಲಿ. ಮೇರಿ ಸತ್ತು ಆಗಲೇ 72 ವರ್ಷವಾಗಿತ್ತು.

‘ಸಿಕ್ಕಿದ್ದು ಅದೃಷ್ಟ, ಅರ್ಥ ಮಾಡಿಕೊಂಡದ್ದು ವಿದ್ವತ್ತು’ ಎನ್ನುವವರಿದ್ದಾರೆ. ಹೋಲಿಸಿ, ವರ್ಗೀಕರಿಸಿ ಹೆಸರಿಡುವುದು ದೊಡ್ಡ ಕೆಲಸವೇ, ಒಪ್ಪುತ್ತೇನೆ. ಆದರೆ ಮೇರಿ ಬರೀ ಕಲ್ಲು ಹೆಕ್ಕಿದವಳಲ್ಲ. ವಿದ್ವಾಂಸರ ಲೇಖನಗಳನ್ನು ಕೈಯಲ್ಲಿ ನಕಲು ಮಾಡಿಕೊಂಡು ಓದಿದಳು. ರಚನೆ ತಿಳಿಯಲೆಂದು ಮೀನುಗಳನ್ನು ಸೀಳಿ ನೋಡಿದಳು. ಅಸ್ಥಿಪಂಜರಗಳ ಹೊಟ್ಟೆಯ ಭಾಗದಲ್ಲಿ ಸಿಗುತ್ತಿದ್ದ ಕಲ್ಲುಂಡೆಗಳನ್ನು ಒಡೆದು, ಒಳಗೆ ಮೀನಿನ ಎಲುಬುಗಳಿರುವುದನ್ನು ಗಮನಿಸಿದಳು. ಅವು ಪಳೆಯುಳಿಕೆಯಾದ ಮಲವೆಂದು ಸಾರಿ, ಕಾಪ್ರೊಲೈಟ್ ಎಂದು ಹೆಸರಿಟ್ಟ ಕೀರ್ತಿ ವಿಲಿಯಂ ಬಕ್‌ಲೆಂಡನದು. ಇನ್ನು ಅದೃಷ್ಟದ ಮಾತು: 1833ರಲ್ಲಿ ಕುಸಿದ ಬಂಡೆ ಅವಳ ನಾಯಿಯನ್ನು ಅವಳ ಕಣ್ಣೆದುರೇ ಕೊಂದಿತು. ಕೂದಲೆಳೆಯಲ್ಲಿ ಉಳಿದವಳು ಮತ್ತೆ ಅದೇ ದಂಡೆಗೆ ಹೋದಳು.

‘ಅದು ಆ ಕಾಲದ ರೀತಿ’ ಎಂದು ಕೈತೊಳೆದುಕೊಳ್ಳುವ ಮುನ್ನ ನನ್ನ ಪಿಎಚ್‌ಡಿ ಪ್ರಬಂಧದ ಕರಡನ್ನು ತೆರೆದು ನೋಡಿದೆ. ನನಗೆ ದಾರಿ ತೋರಿಸಿದವರು, ಊರವರ ಜೊತೆ ಮಾತಿಗೆ ಕೂರಿಸಿದವರು ಅಲ್ಲಿ ‘ಸ್ಥಳೀಯರು’ ಎಂಬ ಒಂದೇ ಪದದಲ್ಲಿ ಅಡಗಿದ್ದರು. ಹೋಮ್‌ನನ್ನು ಬೈಯಲು ಇನ್ನೂರು ವರ್ಷ ಹಿಂದಕ್ಕೆ ಹೋಗಿದ್ದೆ. ಅವನು ನನ್ನ ಎರಡನೇ ಅಧ್ಯಾಯದಲ್ಲೇ ಕೂತಿದ್ದ. ಅವರನ್ನೆಲ್ಲ ಕೇಳಿ, ಒಪ್ಪಿದವರ ಹೆಸರುಗಳನ್ನು ಈಗ ಸೇರಿಸುತ್ತಿದ್ದೇನೆ. ನಿಮ್ಮ ಕರಡನ್ನೂ ಒಮ್ಮೆ ತೆರೆದು ನೋಡಿ.