ರಾಗಿಗೆ ರೋಗವಿಲ್ಲ ಎಂಬ ಸುಳ್ಳು

'ರಾಗಿ ಗಟ್ಟಿ ಬೆಳೆ, ಅದಕ್ಕೆ ರೋಗವಿಲ್ಲ, ಔಷಧಿ ಬೇಕಿಲ್ಲ.' 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದಿಂದೀಚೆಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೈದರಾಬಾದಿನಲ್ಲಿ ಸಸ್ಯರೋಗಶಾಸ್ತ್ರ ಓದುತ್ತಿರುವ ನನಗೆ ಇದನ್ನು ಹೇಳುವವರು ಬೇರೆ ಯಾರೂ ಅಲ್ಲ, ಊರಲ್ಲಿ ಹೊಲ ಇಟ್ಟುಕೊಂಡು ಇಲ್ಲಿ ಮಾಲ್ಟ್ ಕುಡಿಯುವ ನಮ್ಮ ಕನ್ನಡದ ಗೆಳೆಯರೇ. ಮಾತು ಸುಳ್ಳು. ರೈತನಿಗೆ ನಷ್ಟ ತರುವ ಸುಳ್ಳು.

ರಾಗಿಗೆ ಬೆಂಕಿ ರೋಗ ಬರುತ್ತದೆ. ಎಲೆಗೆ ಬಂದರೆ ಪೈರು ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ತೆನೆಯ ಕುತ್ತಿಗೆಗೆ ಬಂದರೆ ಕಾಳು ಜೊಳ್ಳು. ಕಾರಣ ಪೈರಿಕ್ಯುಲೇರಿಯ ಎಂಬ ಶಿಲೀಂಧ್ರ. ಭತ್ತವನ್ನೂ ಗೋಧಿಯನ್ನೂ ಸುಡುವುದು ಇದರ ಬಳಗವೇ.

ಹೆಸರು ಒಂದೇ ಆದ್ದರಿಂದ ಶತ್ರುವೂ ಒಂದೇ ಎಂದುಕೊಳ್ಳುತ್ತೇವೆ. ಬೇರೆ ಬೇರೆ ಹೊಲದ ಮಾದರಿಗಳನ್ನು ತಟ್ಟೆಯಲ್ಲಿ ಬೆಳೆಸಿ ನೋಡಿ: ಒಂದು ಬೂದು, ಒಂದು ಬಿಳಿಚು, ಇನ್ನೊಂದು ಕಪ್ಪು. ಬಣ್ಣ ನೋಡಿ ಬಲ ಅಳೆಯಲೂ ಆಗದು. ಒಂದೇ ಥರ ಕಾಣುವ ಎರಡರಲ್ಲಿ ಒಂದು ತಳಿಯನ್ನು ಕೊಲ್ಲುತ್ತದೆ, ಇನ್ನೊಂದು ಅದೇ ತಳಿಯ ಮುಂದೆ ಸೋಲುತ್ತದೆ. ವ್ಯತ್ಯಾಸ ಇರುವುದು ಜೀನ್‌ಗಳಲ್ಲಿ. ಗಿಡ ಶಿಲೀಂಧ್ರದ ಕೆಲವು ಪ್ರೋಟೀನುಗಳನ್ನು ಗುರುತಿಸಿ ಅದನ್ನು ತಡೆಯುತ್ತದೆ. ಶಿಲೀಂಧ್ರ ಆ ಜೀನನ್ನೇ ಕಳೆದುಕೊಂಡರೆ ಗುರುತು ಅಳಿಸಿಹೋಯಿತು, ಬಾಗಿಲು ತೆರೆಯಿತು. ಭತ್ತದ ಮಾದರಿಗಳು ಬಹುಪಾಲು ಲೈಂಗಿಕ ಕೂಡುವಿಕೆಯ ಶಕ್ತಿ ಕಳೆದುಕೊಂಡಿವೆ. ರಾಗಿಯ ಹಲವು ಮಾದರಿಗಳಾದರೋ ಪ್ರಯೋಗಾಲಯದಲ್ಲಿ ಇಂದಿಗೂ ಕೂಡಿ, ಹೊಸ ಬೆರಕೆ ಸಂತಾನ ಕೊಡುತ್ತವೆ.

ಇಂಥ ವೈರಿಯ ಮುಂದೆ ತಾಲ್ಲೂಕಿಗೆ ತಾಲ್ಲೂಕೇ ಒಂದೇ ತಳಿ ಬಿತ್ತುವುದೆಂದರೆ, ಅದನ್ನು ಗೆಲ್ಲಬಲ್ಲ ಶಿಲೀಂಧ್ರವನ್ನು ನಾವೇ ಆರಿಸಿ ಸಾಕಿದಂತೆ. ಕುತ್ತಿಗೆ ಬೆಂಕಿಯನ್ನು ತಡೆಯುವ ಜಿಪಿಯು-28 ನಮ್ಮ ಕೃಷಿ ವಿಶ್ವವಿದ್ಯಾಲಯದ ದೊಡ್ಡ ಸಾಧನೆ. ಅದು ಸೋತಿದೆ ಎನ್ನುತ್ತಿಲ್ಲ. ಅದೊಂದನ್ನೇ ನಂಬಿ ಕೂರಬೇಡಿ ಎನ್ನುತ್ತಿದ್ದೇನೆ. ಗೋಧಿಯ ಬೆಂಕಿ ರೋಗ 1985ರಲ್ಲಿ ಬ್ರೆಜಿಲ್‌ನಲ್ಲಿ ಕಾಣಿಸಿತು. 2016ರಲ್ಲಿ ಬಾಂಗ್ಲಾದೇಶದ ಸುಮಾರು 15,000 ಹೆಕ್ಟೇರ್ ಗೋಧಿಗೆ ತಗುಲಿತು. ಜೀನ್ ಪರೀಕ್ಷೆ ಮಾಡಿದ ಮೇಲಷ್ಟೇ ಅದು ಅಲ್ಲಿನ ಭತ್ತದ ಶಿಲೀಂಧ್ರವಲ್ಲ, ದಕ್ಷಿಣ ಅಮೆರಿಕದ ವಂಶ ಎಂದು ಖಚಿತವಾದದ್ದು.

'ಹಾಗಾದರೆ ಅಜ್ಜನ ಕಾಲದ ಬೀಜಕ್ಕೆ ಹೋಗಬೇಕೇ?' ಬೇಡ. ಚೀನಾದ ಯುನ್ನಾನ್‌ನಲ್ಲಿ ಹೈಬ್ರಿಡ್ ಭತ್ತದ ಸಾಲುಗಳ ನಡುವೆ, ಬೇಗ ರೋಗ ಹಿಡಿಯುವ ಅಂಟು ಅಕ್ಕಿಯ ತಳಿ ನೆಟ್ಟರು. ಒಂಟಿಯಾಗಿ ಬೆಳೆದಾಗಿನ ಸ್ಥಿತಿಗೆ ಹೋಲಿಸಿದರೆ ಆ ತಳಿಯಲ್ಲಿ ಬೆಂಕಿ ರೋಗ ಶೇ. 94ರಷ್ಟು ತಗ್ಗಿತು, ಇಳುವರಿ ಶೇ. 89ರಷ್ಟು ಏರಿತು. 2000ದಲ್ಲಿ 'ನೇಚರ್' ಪತ್ರಿಕೆ ಪ್ರಕಟಿಸಿದ ಲೆಕ್ಕ ಇದು. ಎರಡು ತಳಿಯನ್ನು ಬೇರೆ ಬೇರೆ ಕೊಯ್ಯಬೇಕು, ಕೂಲಿ ಹೆಚ್ಚು, ನಿಜ. ಭತ್ತಕ್ಕೆ ಒಗ್ಗಿದ್ದು ರಾಗಿಗೂ ಒಗ್ಗುತ್ತದೆಂದು ಕಣ್ಣುಮುಚ್ಚಿ ಹೇಳಲೂ ಬಾರದು. ಅದನ್ನು ನಮ್ಮ ಹೊಲಗಳಲ್ಲೇ ಪರೀಕ್ಷಿಸಬೇಕು.

ಅದಕ್ಕೇ ಕೇಳುತ್ತಿದ್ದೇನೆ: ಸಿರಿಧಾನ್ಯ ಮೇಳಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲು, ಪ್ರತಿ ಮುಂಗಾರಿನಲ್ಲೂ ಹೊಲದಿಂದ ರೋಗದ ಮಾದರಿ ತಂದು ಯಾವ ವಂಶ ಎಲ್ಲಿದೆ ಎಂದು ಲೆಕ್ಕ ಇಡುವ ಕೆಲಸಕ್ಕೆ ಹೋಗಲಿ. ನೀವು ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ, ರಾಗಿ ಎಷ್ಟು ಮೂಟೆ ಆಯಿತು ಎಂದಷ್ಟೇ ಕೇಳಬೇಡಿ. ಯಾವ ತಳಿ, ಎಷ್ಟು ವರ್ಷದಿಂದ ಅದೇ ತಳಿ, ಕುತ್ತಿಗೆ ಕಪ್ಪಾದ ತೆನೆ ಕಂಡಿತೇ ಎಂದೂ ಕೇಳಿ.